ಟೇಬಲ್‌ನಲ್ಲಿ ಕೂತಿದ್ದವರೇ ಈಗ ಸೂಪರ್‌ವೈಸರ್: ಯಾವ ತರಬೇತಿ ಕೆಲಸಕ್ಕೆ ಬರ್ತದೆ?

ಬೈಕಂಪಾಡಿ ಬೀಜ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಆಫೀಸು, ಸಿಬ್ಬಂದಿ ಎರಡೂ ನನ್ನ ತಲೆ ಮೇಲೆ. ಕಟಿಂಗ್ (ಚಿಪ್ಪು ಒಡೆಯುವುದು), ಪೀಲಿಂಗ್ (ಸಿಪ್ಪೆ ಸುಲಿಯುವುದು), ಗ್ರೇಡಿಂಗ್ ಸೇರಿ ಸುಮಾರು 140 ಜನ, ಹೆಚ್ಚಿನವರು ಹೆಂಗಸರು. ಬಿಸು (ತುಳುವರ ಹೊಸ ವರ್ಷ) ಕಳೆದ ಮೇಲೆ ಐದು ಜನರನ್ನು ಟೇಬಲ್‌ನಿಂದಲೇ ಆರಿಸಿ ಸೂಪರ್‌ವೈಸರ್ ಮಾಡಿದ್ದೇವೆ. ಕೈಕೆಲಸದಲ್ಲಿ ಐವರೂ ಚುರುಕು, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಬೇರೆ. ಹೊಸಬರಿಗೆ ಹೇಳಿಕೊಡುವ ಬದಲು ಇವರೇ ಕೂತು ಸುಲಿದು ಮುಗಿಸ್ತಾರೆ. ತಮಗಿಂತ ಹಿರಿಯ ಅಕ್ಕಂದಿರಿಗೆ ತಪ್ಪು ತೋರಿಸ್ಲಿಕ್ಕೆ ಹೆದರ್ತಾರೆ, ಇಲ್ಲಾಂದ್ರೆ ವಾರವಿಡೀ ತಡೆದು ಒಂದು ದಿನ ಎಲ್ಲರೆದುರು ಜೋರು ಮಾಡಿ ಬಿಡ್ತಾರೆ. ಬೋರ್ಮಾದಿಂದ (ಬೀಜ ಒಣಗಿಸುವ ಬಿಸಿ ಗೂಡು) ಬಂದ ಟ್ರೇಯಲ್ಲಿ ಎಂತ ಸಮಸ್ಯೆ ಇತ್ತು ಅಂತ ಪೀಲಿಂಗ್‌ನವರಿಗೆ ತಿಳಿಯುವಾಗ ಅರ್ಧ ದಿನ ಹೋಗಿರ್ತದೆ. ಕಟಿಂಗ್‌ನಲ್ಲಿ ಒಡಿಶಾ ಕಡೆಯ ಹುಡುಗರು ಬೇರೆ ಇದ್ದಾರೆ, ಅವರೊಟ್ಟಿಗೆ ಅರೆಬರೆ ಹಿಂದಿ.

ಒಬ್ಬ ತರಬೇತುದಾರರು ಒಂದು ದಿನದ ಔಟಿಂಗ್‌ಗೆ ಕೊಟೇಶನ್ ಕೊಟ್ಟಿದ್ದಾರೆ. ರೆಸಾರ್ಟ್, ಹಗ್ಗದ ಆಟ, ಊಟ, ಸರ್ಟಿಫಿಕೇಟ್. ನಮ್ಮ ಧಣಿಗಳ ಪ್ರಶ್ನೆ ಒಂದೇ: "ಇದರಿಂದ ತುಂಡು ಕಮ್ಮಿ ಆಗ್ತದಾ?" ತುಂಡು ಅಂದ್ರೆ ಕೆಲಸದಲ್ಲಿ ಮುರಿದು ಹೋಗುವ ಬೀಜ. ಗೊತ್ತಿದ್ದವರು ಹೇಳಿ. ಯಾವ ಚಟುವಟಿಕೆ, ಎಷ್ಟು ಗಂಟೆ, ಪ್ರಯೋಜನ ಆಗಿದೆ ಅಂತ ನೋಡುವುದು ಹೇಗೆ?

ಪಾಳಿ ಪುಸ್ತಕ

ಧಣಿಗಳು ಕೇಳಿದ್ದು ಸರಿಯಾಗಿಯೇ ಉಂಟು. ತರಬೇತುದಾರರಿಗೂ ಅದೇ ಪ್ರಶ್ನೆ ಹಾಕಿ ನೋಡಿ.

'ನಾಯಕತ್ವ' ಅಂತ ದೊಡ್ಡ ಹೆಸರಿಟ್ಟು ಕಲಿಸಲು ಹೊರಟರೆ ಕೊನೆಗೆ ಉಳಿಯುವುದು ಭಾಷಣ. ನೀವು ಬರೆದದ್ದನ್ನೇ ಬಿಡಿಸಿ ನೋಡಿದರೆ ಅದರೊಳಗೆ ನಾಲ್ಕು ಕೆಲಸಗಳಿವೆ: ಕಲಿಸುವುದು, ತಿದ್ದುವುದು, ವಿಷಯ ದಾಟಿಸುವುದು, ದೂರು ಕೇಳುವುದು. ಒಂದೊಂದನ್ನೂ ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕು. ನಾನು ಮೊದಲನೆಯದನ್ನು ಮಾತ್ರ ಬರೆಯುತ್ತೇನೆ, ಯಾಕೆಂದರೆ ತುಂಡಿನ ಲೆಕ್ಕ ಹೆಚ್ಚಾಗಿ ಇರುವುದು ಅಲ್ಲಿಯೇ.

ಇದಕ್ಕೆ ಹಳೆಯ, ಗಟ್ಟಿಯಾದ ಕ್ರಮ ಒಂದಿದೆ: 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ'. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಿಂದ 1945ರವರೆಗೆ ಅಮೆರಿಕದಲ್ಲಿ ನಡೆದದ್ದು. ಅನುಭವಿ ಕೆಲಸಗಾರರು ಸೈನ್ಯಕ್ಕೆ ಹೋಗಿ ಕಾರ್ಖಾನೆ ತುಂಬ ಹೊಸಬರೇ ಇದ್ದಾಗ ಸೂಪರ್‌ವೈಸರ್‌ಗಳಿಗೆ ಬೇಗ ಕಲಿಸುವ ದಾರಿ ಬೇಕಿತ್ತು. ಯುದ್ಧದ ನಂತರ ಅದು ಜಪಾನಿಗೆ ಹೋಗಿ ಟೊಯೋಟಾದಂಥ ಕಡೆ ಬೇರೂರಿತು. ಎರಡೆರಡು ಗಂಟೆಯ ಐದು ತರಗತಿ, ಒಂದು ಗುಂಪಿಗೆ ಹತ್ತು ಜನ. ನಿಮಗೆ ಐವರೇ ಇರುವುದರಿಂದ ಪ್ರತಿಯೊಬ್ಬರಿಗೂ ಎರಡು ಸಲ ಮಾಡಿ ತೋರಿಸುವ ಅವಕಾಶ ಸಿಗುತ್ತದೆ.

ಮೊದಲ ತರಗತಿಯಲ್ಲಿ ಒಂದು ಗಂಟು. ಬಲ್ಬ್ ಹೋಲ್ಡರ್ ಒಳಗೆ ವೈರ್ ಎಳೆದು ಬರದ ಹಾಗೆ ಎಲೆಕ್ಟ್ರಿಷಿಯನ್‌ಗಳು ಹಾಕುತ್ತಾರಲ್ಲ, ಅದೇ. ಒಬ್ಬೊಬ್ಬರಿಗೆ ಒಂದಡಿ ಜೋಡಿ ವೈರ್ ಸಾಕು. ಮೊದಲು ಕೈ ತೋರಿಸದೆ ಬರೀ ಬಾಯಲ್ಲಿ ಹೇಳಿ, ಒಬ್ಬರಿಂದ ಹಾಕಿಸಿ. ಬರುವುದಿಲ್ಲ. ಆಮೇಲೆ ಮಾತಾಡದೆ ಬರೀ ತೋರಿಸಿ, ಇನ್ನೊಬ್ಬರಿಂದ ಹಾಕಿಸಿ. ಆಗಲೂ ಬರುವುದಿಲ್ಲ. ಮೂರನೇ ಸಲ ಕ್ರಮವಾಗಿ ಕಲಿಸಿ. "ನಾನು ಹೇಳಿದ್ದೇನೆ, ಅವಳಿಗೇ ತಲೆಗೆ ಹೋಗುವುದಿಲ್ಲ" ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ. ಗಂಟಿನ ಬದಲು ಮಲ್ಲಿಗೆ ಕಟ್ಟುವುದನ್ನು ಇಟ್ಟುಕೊಳ್ಳಬೇಡಿ. ನಮ್ಮ ಕಡೆ ಅರ್ಧದಷ್ಟು ಹೆಂಗಸರಿಗೆ ಅದು ಮೊದಲೇ ಗೊತ್ತು, ಪಾಠ ಕೆಡುತ್ತದೆ.

ಎರಡನೇ ತರಗತಿಯಲ್ಲಿ ಕೆಲಸ ಬಿಡಿಸುವ ಹಾಳೆ. ಮೂರು ಕಾಲಂ: ಹಂತ, ಮುಖ್ಯ ಅಂಶ, ಕಾರಣ. ಪೀಲಿಂಗ್ ತೆಗೆದುಕೊಳ್ಳಿ. ಹಂತ ಒಂದು, ಬೀಜ ಹಿಡಿಯುವುದು. ಮುಖ್ಯ ಅಂಶ, ಎರಡು ಹೋಳು ಸೇರುವ ಗೆರೆಯ ಮೇಲೆ ಒತ್ತಬಾರದು. ಕಾರಣ, ಇಡಿ (ಮುರಿಯದ ಪೂರ್ತಿ ಬೀಜ) ಹೋಗಿ ಹೋಳಾಗುತ್ತದೆ. ಹಂತ ಎರಡು, ಸಡಿಲ ಸಿಪ್ಪೆ ತೆಗೆಯುವುದು. ಮುಖ್ಯ ಅಂಶ, ಬೆರಳಲ್ಲೇ ಉಜ್ಜಬೇಕು, ಚೂರಿ ಬೇಡ. ಕಾರಣ, ಗೀರು ಬಿದ್ದರೆ ಗ್ರೇಡ್ ಇಳಿಯುತ್ತದೆ. ಹಂತ ಮೂರು, ಅಂಟಿದ ಸಿಪ್ಪೆ. ಮುಖ್ಯ ಅಂಶ, ಅಲಗನ್ನು ಓರೆಯಾಗಿಟ್ಟು ಹೆರೆಯಬೇಕು, ಮೊನೆಯಿಂದ ಚುಚ್ಚಬಾರದು. ಹಂತ ನಾಲ್ಕು, ಎಷ್ಟು ಮಾಡಿದರೂ ಸಿಪ್ಪೆ ಬಿಡದ ಬೀಜ ಬೇರೆ ಪಾತ್ರೆಗೆ. ಕಾರಣ, ಅದು ಇನ್ನೊಮ್ಮೆ ಬೋರ್ಮಾಕ್ಕೆ ಹೋಗಬೇಕಾದದ್ದು, ಹಟ ಹಿಡಿದು ಸುಲಿದರೆ ತುಂಡೇ ಆಗುವುದು. ಈ ಹಾಳೆಯನ್ನು ಸೂಪರ್‌ವೈಸರೇ ಟೇಬಲ್ ಪಕ್ಕ ನಿಂತು, ಒಳ್ಳೆಯ ಕೈಯವರು ಸುಲಿಯುವುದನ್ನು ನೋಡಿ ಬರೆಯಬೇಕು. ಆಫೀಸಿನಲ್ಲಿ ನೀವು ಟೈಪ್ ಮಾಡಿ ಕೊಟ್ಟರೆ ಅದು ಗೋಡೆಗೆ ಅಂಟುತ್ತದೆ, ತಲೆಗಲ್ಲ. ಹಂತ ಏಳೆಂಟು ದಾಟಿದರೆ ಒಂದೇ ಪಾಠದಲ್ಲಿ ಮುಗಿಯದು, ಎರಡು ಮಾಡಿ.

ಉಳಿದ ಮೂರು ತರಗತಿಯಲ್ಲಿ ಕಲಿಸುವ ನಾಲ್ಕು ಹೆಜ್ಜೆಗಳ ಅಭ್ಯಾಸ. ಹೊಸಬರನ್ನು ಸಮಾಧಾನದಿಂದ ಕೂರಿಸಿ ಅವರಿಗೆ ಏನು ಗೊತ್ತಿದೆ ಎಂದು ಕೇಳುವುದು. ಮೂರು ಸಲ ಮಾಡಿ ತೋರಿಸುವುದು: ಮೊದಲ ಸಲ ಹಂತ ಮಾತ್ರ ಹೇಳಿ, ಎರಡನೇ ಸಲ ಮುಖ್ಯ ಅಂಶ ಸೇರಿಸಿ, ಮೂರನೇ ಸಲ ಕಾರಣ ಸೇರಿಸಿ. ಆಮೇಲೆ ಅವರಿಂದ ಮಾಡಿಸುವುದು, ಮಾಡುತ್ತಾ ಬಾಯಲ್ಲಿ ಹೇಳಿಸುವುದು. ಕೊನೆಗೆ ಒಬ್ಬರೇ ಕೆಲಸಕ್ಕೆ ಬಿಟ್ಟು, ಸಂಶಯ ಬಂದರೆ ಯಾರನ್ನು ಕೇಳಬೇಕು ಎಂದು ಹೇಳಿ, ಮೊದಲ ದಿನ ಪದೇಪದೇ ಹೋಗಿ ನೋಡುವುದು.

ಹೆಚ್ಚಿನವರು ತಪ್ಪುವುದು ಮೂರನೆಯದರಲ್ಲಿ. "ಗೊತ್ತಾಂಡಾ?" (ಗೊತ್ತಾಯ್ತಾ?) ಅಂತ ತುಳುವಿನಲ್ಲಿ ಕೇಳುತ್ತಾರೆ, ಎದುರಿನವರು ತಲೆ ಆಡಿಸುತ್ತಾರೆ, ಮುಗಿಯಿತು. ಆ ಪ್ರಶ್ನೆಯನ್ನೇ ನಿಷೇಧಿಸಿ. "ಈಗ ನೀವು ಮಾಡಿ, ಯಾಕೆ ಹೀಗೆ ಅಂತ ಹೇಳ್ತಾ ಮಾಡಿ" ಎನ್ನಲಿ. ಎರಡನೇ ತಪ್ಪು ಕೂರುವ ಜಾಗ. ಎದುರು ಕೂತು ತೋರಿಸಿದರೆ ಎಡಬಲ ತಿರುಗಿ ಕಾಣುತ್ತದೆ, ಪಕ್ಕದಲ್ಲಿ ಕೂರಬೇಕು.

ಮಣಿಪಾಲದಿಂದ

ಮೇಲಿನದಕ್ಕೆ ಸೇರಿಸಿ, ನಾನು ತಿದ್ದುವುದರ ಬಗ್ಗೆ ಬರೀತೇನೆ. ನಿನ್ನೆ ಒಟ್ಟಿಗೆ ಊಟ ಮಾಡಿದವಳು ಇವತ್ತು ತಪ್ಪು ಹೇಳ್ಬೇಕು ಅಂದ್ರೆ ಯಾರಿಗೂ ಕಷ್ಟವೇ. ಧೈರ್ಯ ತುಂಬಿಸಿ ಪ್ರಯೋಜನ ಇಲ್ಲ, ಬಾಯಿಗೆ ವಾಕ್ಯ ಬರಬೇಕು. ವಾಕ್ಯ ಬರುವುದು ಅಭ್ಯಾಸದಿಂದ.

ಸೂತ್ರ ಸುಲಭ: ಯಾವಾಗ-ಎಲ್ಲಿ, ನಾನು ಕಂಡದ್ದು ಎಂತ, ಅದರಿಂದ ಆದದ್ದು ಎಂತ. ಮೂರು ಹೇಳಿ ಒಂದು ಪ್ರಶ್ನೆ ಕೇಳಿ ಸುಮ್ಮನಾಗಬೇಕು. "ನಿಮ್ಮದು ಯಾವಾಗ್ಲೂ ಇದೇ ಅಕ್ಕ, ಗಮನವೇ ಇಲ್ಲ" ಅನ್ನುವ ಬದಲು, "ಅಕ್ಕಾ, ಚಹಾ ಆದ ಮೇಲೆ ಬಂದ ಟ್ರೇಯಲ್ಲಿ ಸಿಪ್ಪೆ ಉಳಿದ ಬೀಜ ಇಡಿಯೊಟ್ಟಿಗೆ ಸೇರಿಕೊಂಡಿತ್ತು. ಗ್ರೇಡಿಂಗ್‌ನವರು ಇಡೀ ಟ್ರೇ ವಾಪಸ್ ಕಳಿಸಿದ್ರು. ಎಂತ ಆದದ್ದು?" ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲೇ ಐದು ಎಣಿಸ್ಲಿ. ಹೊಸ ಸೂಪರ್‌ವೈಸರ್‌ಗಳಿಗೆ ಆ ಮೌನ ತಡೆಯುವುದಿಲ್ಲ, ಉತ್ತರವನ್ನೂ ತಾವೇ ಹೇಳಿ ಬಿಡ್ತಾರೆ. ಉತ್ತರ "ಚೂರಿ ಮೊಂಡಾಗಿದೆ, ಮೂರು ದಿನದಿಂದ ಕೇಳ್ತಿದ್ದೇನೆ" ಅಂತ ಬರಲೂಬಹುದು. ಆಗ ತಪ್ಪು ಯಾರದ್ದು ಅಂತ ಗೊತ್ತಾಯ್ತಲ್ಲ.

ಅಭ್ಯಾಸ ಮಾಡಿಸುವ ಕ್ರಮ: ಮೂವರ ಗುಂಪು. ಒಬ್ಬರು ಸೂಪರ್‌ವೈಸರ್, ಒಬ್ಬರು ಕೆಲಸದವರು, ಒಬ್ಬರು ನೋಡುವವರು. ನಿಮ್ಮಲ್ಲಿ ಐವರು, ಆರನೆಯವರಾಗಿ ನೀವು ಕೂತರೆ ಎರಡು ಗುಂಪು ಸರಿ ಆಗ್ತದೆ. ಸಂದರ್ಭ ಬರೆದ ಆರು ಕಾರ್ಡ್ ಮಾಡಿ: ತಡವಾಗಿ ಬರುವುದು, ತುಂಡು ಜಾಸ್ತಿ, ಮೊಬೈಲ್, ಇಬ್ಬರ ಮಾತುಕತೆ ನಿಂತಿರುವುದು, ಗ್ಲೌಸ್ ಹಾಕದೆ ಕಟಿಂಗ್‌ಗೆ ಕೂರುವುದು, ರಜೆ ಹೇಳದೆ ಭೂತಕೋಲಕ್ಕೆ ಹೋದದ್ದು. ಮೂರು ನಿಮಿಷ ಮಾತು, ಎರಡು ನಿಮಿಷ ನೋಡಿದವರ ಅಭಿಪ್ರಾಯ, ಮತ್ತೆ ಅದೇ ಕಾರ್ಡ್ ಇನ್ನೊಮ್ಮೆ. ಈ ಎರಡನೇ ಸಲದ್ದನ್ನು ಬಿಡಬೇಡಿ, ಕಲಿಯುವುದು ಆಗಲೇ. ಹೊತ್ತಿಲ್ಲ ಅಂತ ಅದನ್ನೇ ಹಾರಿಸಿ ಬಿಡ್ತಾರೆ ಹೆಚ್ಚಿನವರು.

ಕೆಡುವುದು ಎಲ್ಲಿ ಅಂದ್ರೆ, ಕೆಲಸದವಳ ಪಾತ್ರ ಮಾಡುವವರು ನಾಟಕ ಜಾಸ್ತಿ ಮಾಡಿ ಎಲ್ಲರೂ ನಗುವುದು. ಪಾತ್ರದ ಕಾರ್ಡ್‌ನಲ್ಲಿ ಒಂದು ಗುಟ್ಟು ಬರೆದಿಡಿ, ಉದಾಹರಣೆಗೆ 'ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಕೇಳಿದರೆ ಮಾತ್ರ ಹೇಳಿ'. ಆಗ ಅಭಿನಯಕ್ಕೆ ಒಂದು ನೆಲೆ ಸಿಗ್ತದೆ, ಕೇಳುವವರಿಗೆ ಒಂದು ಕೆಲಸ. ನಿಜವಾದ ಕೆಲಸದವರ ಹೆಸರು ಬೇಡವೇ ಬೇಡ, ಸಂಜೆಯೊಳಗೆ ಆ ಟೇಬಲ್‌ಗೆ ಸುದ್ದಿ ಮುಟ್ಟಿರ್ತದೆ. ಭಾಷೆ ತುಳುವೇ ಇರ್ಲಿ. ಕನ್ನಡದಲ್ಲಿ ಅಭ್ಯಾಸ ಮಾಡಿ ತುಳುವಿನಲ್ಲಿ ತಿದ್ದಲಿಕ್ಕೆ ಹೋದ್ರೆ ಆ ಹೊತ್ತಿಗೆ ಬೈಗುಳವೇ ಬರುವುದು.

'ಅಕ್ಕ' ಅನ್ನುವುದನ್ನು ಬಿಡಿಸಬೇಡಿ. ಕೆಲವು ತರಬೇತುದಾರರು "ಹೆಸರು ಹಿಡಿದು ಕರೀರಿ, ಪ್ರೊಫೆಷನಲ್ ಆಗಿರಿ" ಅಂತಾರೆ. ನಮ್ಮೂರಲ್ಲಿ ಅದು ಅಹಂಕಾರ ಅಂತಲೇ ಲೆಕ್ಕ.

ದೂರು ಕೇಳುವುದರಲ್ಲಿ ಒಂದು ಗಡಿ ಕಡ್ಡಾಯ ಹೇಳಿಕೊಡಿ. ಸಂಬಳ, ರಜೆ, ಜಾಗದ ತಕರಾರು ಸೂಪರ್‌ವೈಸರ್ ಕೇಳಿ ಬಗೆಹರಿಸಬಹುದು. ಲೈಂಗಿಕ ಕಿರುಕುಳದ ದೂರು ಬಂದರೆ ತಾನೇ ರಾಜಿ ಮಾಡಿಸುವ ಹಾಗಿಲ್ಲ. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರು ಅಲ್ಲಿಗೆ ಹೋಗಬೇಕು. "ಮಾತಾಡಿ ಸರಿ ಮಾಡಿದೆ" ಅನ್ನುವುದನ್ನು ಇಲ್ಲಿ ಹೊಗಳಬೇಡಿ.

ಧಕ್ಕೆ ಬದಿ

ಔಟಿಂಗ್ ವಿಷಯಕ್ಕೆ ಬರ್ತೇನೆ. ಹೋಗ್ಲಿ ಮಾರಾಯ್ರೇ, ಐದು ಜನಕ್ಕೆ ಒಂದು ಒಳ್ಳೆ ಊಟ ಸಿಗ್ತದೆ. ಆದ್ರೆ ಅದನ್ನು ತರಬೇತಿ ಲೆಕ್ಕಕ್ಕೆ ಬರೀಬೇಡಿ. ಮಳೆಗಾಲದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಹುಲ್ಲಲ್ಲಿ ಓಡಿಸುವ ಆಟ ಅಂತೂ ಬೇಡ, ಸೀರೆ ಉಟ್ಟವರು ಜಾರಿ ಬಿದ್ರೆ ಎರಡು ವಾರ ಕೆಲಸ ಇಲ್ಲ.

ಆಟ ಬೇಕೇ ಬೇಕು ಅಂದ್ರೆ ಕ್ಯಾಂಟೀನ್‌ನಲ್ಲೇ ಆಗ್ತದೆ. ಸ್ಪಾಗೆಟ್ಟಿ ಗೋಪುರ ಅಂತ ಒಂದು ಉಂಟು: ಬೇಯಿಸದ ಸ್ಪಾಗೆಟ್ಟಿ (ಉದ್ದ ಕಡ್ಡಿಯಂಥ ಶ್ಯಾವಿಗೆ) 20 ಕಡ್ಡಿ, ಒಂದು ಗಜ ಟೇಪ್, ಒಂದು ಗಜ ನೂಲು, ಒಂದು ಮಾರ್ಷ್‌ಮ್ಯಾಲೋ (ಮೆತ್ತಗಿನ ಮಿಠಾಯಿ), 18 ನಿಮಿಷ, ನಾಲ್ಕು ಜನ. ತುದಿಯಲ್ಲಿ ಮಾರ್ಷ್‌ಮ್ಯಾಲೋ ನಿಲ್ಲಬೇಕು. ಖರ್ಚು ಉಳಿಸ್ಲಿಕ್ಕೆ ಹಿಡಿಸೂಡಿ ಕಡ್ಡಿ ಹಾಕಬೇಡಿ. ಅದು ಬಗ್ಗುತ್ತದೆ, ಮುರಿಯುವುದಿಲ್ಲ. ಸ್ಪಾಗೆಟ್ಟಿ ಪಟ್ ಅಂತ ಮುರಿಯುವುದರಲ್ಲೇ ಪಾಠ ಇರುವುದು. ಹೆಚ್ಚಿನ ಗುಂಪು 17 ನಿಮಿಷ ಕಟ್ಟಿ ಕೊನೆಗೆ ಮಾರ್ಷ್‌ಮ್ಯಾಲೋ ಇಡ್ತದೆ, ಗೋಪುರ ಕುಸಿದು ಬೀಳ್ತದೆ. ಮೊದಲೇ ಇಟ್ಟು ನೋಡಿದವರು ಬದುಕ್ತಾರೆ.

ಆಟ 18 ನಿಮಿಷ ಆದ್ರೆ ಅದರ ಮೇಲಿನ ಮಾತು ಅರ್ಧ ಗಂಟೆ ಇರಬೇಕು. ಅಮೆರಿಕದ ಸೈನ್ಯದವರು ಅಭ್ಯಾಸದ ನಂತರ ಕೇಳುವ ನಾಲ್ಕು ಪ್ರಶ್ನೆ ಸಾಕು: ಎಂತ ಆಗಬೇಕಿತ್ತು, ಎಂತ ಆಯ್ತು, ಯಾಕೆ, ಮುಂದಿನ ಸಲ ಎಂತ ಬದಲು ಮಾಡುವುದು. ನಾಲ್ಕನೆಯದಕ್ಕೆ "ಒಗ್ಗಟ್ಟಾಗಿ ಇರ್ತೇವೆ" ಅಂತ ಉತ್ತರ ಬಂದ್ರೆ ಒಪ್ಪಬೇಡಿ. "ಹೊಸ ಲಾಟ್ ಬಂದಾಗ ಪೂರ್ತಿ ಟೇಬಲ್‌ಗೆ ಹಂಚುವ ಮೊದಲು ಒಂದು ಟ್ರೇ ಸುಲಿದು ನೋಡ್ತೇವೆ" ಅಂತ ಬರಬೇಕು.

ಬೋರ್ಮಾ ಟ್ರೇ ಸಮಸ್ಯೆಗೆ ಚೀಟಿ ಮಾಡಿ. ನಾಲ್ಕು ಗೆರೆ: ಲಾಟ್ ನಂಬರ್, ಒಳಗೆ ಹಾಕಿದ ಮತ್ತು ತೆಗೆದ ಹೊತ್ತು, ಕಂಡ ತೊಂದರೆ, ಯಾರಿಗೆ ಹೇಳಿದೆ. ಚೀಟಿ ತೆಗೆದುಕೊಂಡವರು ಅದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. ತಿರುಗಿ ಹೇಳುವುದನ್ನೇ ಅಭ್ಯಾಸ ಮಾಡಿಸಿ, ಕಟಿಂಗ್‌ನ ಗಲಾಟೆಯಲ್ಲಿ ನಿಲ್ಲಿಸಿ ಮಾಡಿಸಿ. ಬೆಳಿಗ್ಗೆ ಏಳು ನಿಮಿಷದ ನಿಂತ ಮೀಟಿಂಗ್ ಸರದಿಯಲ್ಲಿ ನಡೆಸ್ಲಿ: ನಿನ್ನೆಯ ಲೆಕ್ಕ, ಇವತ್ತಿನ ಲಾಟ್, ಒಂದು ಎಚ್ಚರಿಕೆ. ಕೂತರೆ ಇಪ್ಪತ್ತು ನಿಮಿಷ ಆಗ್ತದೆ.

ಈಗ ಯಾರಿಗೂ ಹಿಡಿಸದ ಮಾತು. ಧಣಿಗಳು ಫ್ಲೋರಿಗೆ ಬಂದು ಸೂಪರ್‌ವೈಸರ್‌ನನ್ನು ದಾಟಿ ನೇರ ಟೇಬಲ್‌ನವರಿಗೆ "ಇದನ್ನು ಬಿಡಿ, ಅದನ್ನು ಮಾಡಿ" ಅಂದ್ರೆ ನಿಮ್ಮ ಐದು ತರಗತಿಯೂ ಅಲ್ಲಿಗೆ ಮುಗಿದ ಹಾಗೆ. ತರಬೇತಿಗೆ ಮೊದಲು ಒಂದು ಅಧಿಕಾರದ ಹಾಳೆ ಆಗಬೇಕು. ತಾನೇ ತೀರ್ಮಾನಿಸುವುದು: ಟೇಬಲ್ ಬದಲಿಸುವುದು, ಟ್ರೇ ವಾಪಸ್ ಕಳಿಸುವುದು, ಅರ್ಧ ದಿನದ ರಜೆ. ಮಾಡಿ ಆಮೇಲೆ ತಿಳಿಸುವುದು: ಮಿಷನ್ ನಿಲ್ಲಿಸುವುದು, ಗಾಯ ಆದರೆ ಆಸ್ಪತ್ರೆಗೆ ಕಳಿಸುವುದು. ಕೇಳಿಯೇ ಮಾಡುವುದು: ಓವರ್‌ಟೈಮ್, ಶಿಸ್ತಿನ ಕ್ರಮ. ಧಣಿಗಳ ಸಹಿ ಹಾಕಿಸಿ.

ಬೈಕಂಪಾಡಿ ಬೀಜ

ಮೂವರಿಗೂ ಧನ್ಯವಾದ. ಅಧಿಕಾರದ ಹಾಳೆಗೆ ಸಹಿ ಹಾಕಿಸುವುದೇ ದೊಡ್ಡ ತರಬೇತಿ ಆಗ್ಲಿಕ್ಕುಂಟು ನನಗೆ. ಎರಡು ಸಂಶಯ. ಎರಡು ಗಂಟೆ ಐವರನ್ನೂ ಫ್ಲೋರಿಂದ ತೆಗೆದರೆ ನೋಡಿಕೊಳ್ಳುವವರು ಯಾರು? ಮತ್ತೆ ಕಲಿಸುವ ಅಭ್ಯಾಸಕ್ಕೆ ಟೇಬಲ್‌ನವರನ್ನು ಕರೆದರೆ ಯಾರೂ ಬರ್ಲಿಕ್ಕೆ ಒಪ್ಪುವುದಿಲ್ಲ.

ಪಾಳಿ ಪುಸ್ತಕ

ಎರಡನೆಯದು ಮೊದಲು. ಪೀಲಿಂಗ್ ಪೀಸ್ ರೇಟಿನಲ್ಲಿ ತಾನೇ? ಕಿಲೋ ಲೆಕ್ಕದಲ್ಲಿ ದುಡಿಯುವವರನ್ನು ಅರ್ಧ ಗಂಟೆ ಕೂರಿಸಿದರೆ ಅವರ ಕೂಲಿ ಹೋಗುತ್ತದೆ, ಅದಕ್ಕೇ ಬರುವುದಿಲ್ಲ. ಅವರ ಕಳೆದ ವಾರದ ಗಂಟೆಯ ಸರಾಸರಿ ತೆಗೆದು ಅಷ್ಟು ಕೊಡುತ್ತೇವೆ ಎಂದು ಮೊದಲೇ ಹೇಳಿ, ಆ ವಾರದ ಪಟ್ಟಿಯಲ್ಲೇ ತೋರಿಸಿ. ಹೊಸಬರು ಮಾತು ಕೇಳದಿರುವುದಕ್ಕೂ ಇದೇ ಕಾರಣ ಇರಬಹುದು: "ನಿಧಾನ ಮಾಡಿ, ಸರಿಯಾಗಿ ಮಾಡಿ" ಎಂಬ ಮಾತು ಅವರ ಕಿವಿಗೆ "ಕಡಿಮೆ ದುಡಿಯಿರಿ" ಎಂದೇ ಕೇಳುತ್ತದೆ. ಇಡಿ ಉಳಿಸಿದ್ದಕ್ಕೆ ರೇಟಿನಲ್ಲಿ ವ್ಯತ್ಯಾಸ ಇದ್ದರೆ ಸೂಪರ್‌ವೈಸರ್ ಅದನ್ನೇ ಲೆಕ್ಕ ಹಾಕಿ ತೋರಿಸಲಿ. ಇಲ್ಲದಿದ್ದರೆ ಅದು ಧಣಿಗಳ ಜೊತೆ ಮಾತಾಡಬೇಕಾದ ವಿಷಯ, ತರಬೇತಿಯಿಂದ ಸರಿಯಾಗುವುದಲ್ಲ.

ಮೊದಲನೆಯದಕ್ಕೆ, ಗಂಟಿನ ಪಾಠ ಮತ್ತು ಮೂವರ ಗುಂಪಿನ ಪಾಠಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಬೇಕು. ಅವೆರಡನ್ನು ಕರೆಂಟ್ ಇಲ್ಲದ ದಿನಕ್ಕೋ ಶನಿವಾರ ಮಧ್ಯಾಹ್ನಕ್ಕೋ ಇಟ್ಟುಕೊಳ್ಳಿ. ಉಳಿದದ್ದು ಇಬ್ಬರು, ಮೂವರಾಗಿ ನಡೆಯಲಿ. ತರಗತಿಗಳ ನಡುವೆ ಎರಡು ಮೂರು ದಿನ ಬಿಡಿ, ಆ ದಿನಗಳಲ್ಲಿ ಒಬ್ಬೊಬ್ಬರೂ ಒಬ್ಬರಿಗಾದರೂ ಕಲಿಸಿ ಬರಬೇಕು.

ತೂಕದ ಲೆಕ್ಕ

ಪ್ರಯೋಜನ ನೋಡುವುದು ಹೇಗೆ ಅಂತ ಕೇಳಿದ್ರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಮಟ್ಟ ಇವತ್ತಿಗೂ ನಡೀತದೆ: ಇಷ್ಟ ಆಯ್ತಾ, ಕಲಿತರಾ, ಕೆಲಸದಲ್ಲಿ ಹಾಗೆ ಮಾಡ್ತಾರಾ, ಫಲ ಬಂತಾ. ಔಟಿಂಗ್‌ನವರು ಫಾರಂ ತುಂಬಿಸಿ ಮೊದಲನೆಯದನ್ನು ಮಾತ್ರ ನೋಡ್ತಾರೆ. ನೀವು ಮೂರನೆಯದನ್ನು ನೋಡಿ: ವಾರಕ್ಕೆ ಎರಡು ಸಲ ಹತ್ತು ನಿಮಿಷ ದೂರ ನಿಂತು, ಸೂಪರ್‌ವೈಸರ್ ಕಲಿಸುವಾಗ ಮೂರು ಸಲ ತೋರಿಸಿದರಾ, ತಿರುಗಿ ಹೇಳಿಸಿದರಾ ಅಂತ ಗುರುತು ಹಾಕಿ. ಅದು ಬದಲಾಗದೆ ತುಂಡು ಕಮ್ಮಿ ಆದ್ರೆ ಕಾರಣ ಬೇರೆ ಎಲ್ಲೋ ಉಂಟು.

ಹೌದು, ತುಂಡಿನ ಲೆಕ್ಕದಲ್ಲಿ ಮೋಸ ಹೋಗುವುದು ಸುಲಭ. ಏಪ್ರಿಲ್‌ನ ಶೇಕಡಾವಾರು ತುಂಡನ್ನು ಜುಲೈಯದ್ದರೊಟ್ಟಿಗೆ ಹೋಲಿಸಬೇಡಿ. ಮಳೆಗಾಲದಲ್ಲಿ ಬೀಜ ಗಾಳಿಯಿಂದ ತೇವ ಎಳೆದು ಮೆತ್ತಗಾಗ್ತದೆ, ತುಂಡಾಗುವುದು ತಾನಾಗಿ ಕಮ್ಮಿ, ಸಿಪ್ಪೆ ಮಾತ್ರ ಬಿಡುವುದಿಲ್ಲ. ಊರಿನ ಬೀಜದ ಲಾಟ್ ಮುಗಿದು ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾದ ಬೀಜ ಬಂದಾಗಲೂ ಲೆಕ್ಕ ಮೇಲೆ ಕೆಳಗೆ ಆಗ್ತದೆ. ಹಾಗಾಗಿ ಇಬ್ಬರು ಸೂಪರ್‌ವೈಸರ್‌ಗಳಿಗೆ ಮೊದಲು ತರಬೇತಿ ಕೊಡಿ, ಉಳಿದ ಮೂವರಿಗೆ ಒಂದು ತಿಂಗಳು ತಡವಾಗಿ. ಆ ತಿಂಗಳು ಒಂದೇ ಲಾಟ್, ಒಂದೇ ಬೋರ್ಮಾದ ಟ್ರೇಗಳನ್ನು ಎರಡೂ ಕಡೆಯ ಟೇಬಲ್‌ಗೆ ಹಂಚಿ ಇಡಿ, ಹೋಳು, ತುಂಡು, ವಾಪಸ್ ಬಂದದ್ದು ತೂಗಿ. ಹೊಸಬರು ಎಷ್ಟು ದಿನಕ್ಕೆ ಉಳಿದವರ ವೇಗಕ್ಕೆ ಬಂದ್ರು ಅನ್ನುವುದನ್ನೂ ಬರೆದಿಡಿ. ಬೇಗ ಕಣ್ಣಿಗೆ ಕಾಣುವ ಬದಲಾವಣೆ ಅದೇ. ಆದ್ರೆ ಈ ಲೆಕ್ಕವನ್ನು ಸೂಪರ್‌ವೈಸರ್‌ಗಳ ಬೋನಸ್‌ಗೆ ಜೋಡಿಸಬೇಡಿ. ಜೋಡಿಸಿದ ದಿನದಿಂದ ತುಂಡು ಹೋಗಿ ಕಸದ ಬುಟ್ಟಿ ಸೇರ್ತದೆ, ತಕ್ಕಡಿಗೆ ಬರುವುದಿಲ್ಲ.

ಬೈಕಂಪಾಡಿ ಬೀಜ

ಕೊನೆಗೊಂದು. ಐವರಲ್ಲಿ ಇಬ್ಬರಿಗೆ ಓದುಬರಹ ಅಷ್ಟಕ್ಕಷ್ಟೆ. ಕೆಲಸ ಬಿಡಿಸುವ ಹಾಳೆ ಅವರಿಂದ ಬರೆಸುವುದು ಹೇಗೆ? ಒಡಿಶಾದ ಹುಡುಗರಿಗೆ ಯಾವ ಭಾಷೆಯಲ್ಲಿ?

ಪಾಳಿ ಪುಸ್ತಕ

ಅವರು ತುಳುವಿನಲ್ಲಿ ಹೇಳಲಿ, ನೀವು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆಯಿರಿ. ಒಂದು ಮುಖ್ಯ ಅಂಶಕ್ಕೆ ನಾಲ್ಕೈದು ಪದ ಮೀರಬಾರದು. ಹುಡುಗರಿಗೆ ಹಾಳೆಗಿಂತ ಮಾದರಿ ಒಳ್ಳೆಯದು. ಎರಡು ಸಣ್ಣ ಗಾಜಿನ ಬಾಟಲಿ: ಒಂದರಲ್ಲಿ ಸರಿಯಾಗಿ ಕಟಿಂಗ್ ಆದ ಇಡಿ, ಇನ್ನೊಂದರಲ್ಲಿ ಅಲಗು ತಾಗಿ ಗೀರಾದದ್ದು, ಎಣ್ಣೆ ಹಿಡಿದದ್ದು. ಹಸಿರು ಮುಚ್ಚಳ, ಕೆಂಪು ಮುಚ್ಚಳ. ಅಭ್ಯಾಸದಲ್ಲಿ ಅವರು ಒಂದು ಹಿಡಿ ಬೀಜವನ್ನು ಎರಡು ಬಾಟಲಿಯ ಎದುರು ವಿಂಗಡಿಸಬೇಕು, ಸೂಪರ್‌ವೈಸರ್ ಸುಮ್ಮನೆ ನೋಡಬೇಕು. ಬೀಜ ಹಳತಾದರೆ ಬಣ್ಣ ತಿರುಗುತ್ತದೆ, ಎರಡು ಬಾಟಲಿಗೂ ವ್ಯತ್ಯಾಸ ಕಾಣುವುದಿಲ್ಲ. ತಿಂಗಳಿಗೊಮ್ಮೆ ಮಾದರಿ ಬದಲಿಸುವ ಕೆಲಸವನ್ನು ಆ ಐವರಲ್ಲೇ ಒಬ್ಬರಿಗೆ ಒಪ್ಪಿಸಿ.